ಈಯದ ಚೊಂಬು

ನಮ್ಮ ಮನೆಯ ಸಾರು ಸಿಹಿಯಾಗಿರುತ್ತಿತ್ತು. ಬೆಲ್ಲದ ಸಿಹಿಯಲ್ಲ, ಹುಣಿಸೆಯ ಹುಳಿ ನಾಲಿಗೆಗೆ ತಾಗಿ ಇನ್ನೇನು ಕಚ್ಚಬೇಕು ಅನ್ನುವಷ್ಟರಲ್ಲಿ ಸುಮ್ಮನಾಗಿ, ಗಂಟಲಿಗೆ ಇಳಿಯುವಾಗ ಒಂದು ನುಣ್ಣನೆಯ ರುಚಿ ಬಿಟ್ಟುಹೋಗುತ್ತಿತ್ತು. ಉಂಡವರೆಲ್ಲ ಹೊಗಳುವರು, ನಾನು ಹಿಗ್ಗುವೆ. ನನ್ನ ಕಾಯಿಲೆ ಶುರುವಾದದ್ದು ಆ ಹಿಗ್ಗಿನ ದಿನಗಳಲ್ಲೇ. ಅದು ನನಗೆ ಗೊತ್ತಾದದ್ದು ಮಾತ್ರ ಒಂದು ವರ್ಷ ಕಳೆದ ಮೇಲೆ, ನನ್ನ ಮಗಳು ಕೈತಪ್ಪಿ ಹೋಗುವುದರಲ್ಲಿದ್ದಾಗ.

ಆಗ ನಾವಿದ್ದದ್ದು ಗೂಡಲೂರಿನಿಂದ ಪಂದಲೂರಿಗೆ ಹೋಗುವ ದಾರಿಯ ಒಂದು ಟೀ ಎಸ್ಟೇಟಿನಲ್ಲಿ. ನಮ್ಮವರು ಅಲ್ಲಿಯ ಪ್ಯಾಕಿಂಗ್ ಶೆಡ್ಡಿನ ರೈಟರು. ಶೆಡ್ಡಿಗೆ ಏನೇನು ಸಾಮಾನು ಬಂತು, ಎಷ್ಟು ಪೆಟ್ಟಿಗೆ ತುಂಬಿ ಹೋಯಿತು ಎಂದು ಇಂಗ್ಲಿಷಿನಲ್ಲಿ ಬರೆದಿಡುವ ಕೆಲಸ. ಮನೆಯಲ್ಲಿ ನಾವಿಬ್ಬರು, ನಾಲ್ಕು ವರ್ಷದ ಮಗಳು ಪದ್ದು, ಗುಂಡ್ಲುಪೇಟೆಯಿಂದ ಬಂದು ನಮ್ಮೊಡನಿದ್ದ ಅತ್ತೆ. ನನ್ನ ತವರು ಊಟಿ. ತಂದೆಗೆ ಅಲ್ಲಿ ಜವಳಿ ಅಂಗಡಿ ಇತ್ತು. ನನ್ನನ್ನು ಕಾನ್ವೆಂಟಿನಲ್ಲಿ ಏಳನೆಯ ತರಗತಿಯವರೆಗೆ ಓದಿಸಿದ್ದರು. ಆ ಓದು ಅತ್ತೆಯ ಕಣ್ಣಿಗೆ ಬಿದ್ದ ಕಸ. ಉಜ್ಜಿದಷ್ಟೂ ಕೆಂಪಾಗುತ್ತಿತ್ತು.

ಚೊಂಬಿನ ಆಸೆ ಹುಟ್ಟಿಸಿದವಳು ಪಕ್ಕದ ಮನೆಯ ಕಾಮಾಕ್ಷಿ. ಹೆಡ್ ಕ್ಲಾರ್ಕರ ಹೆಂಡತಿ, ತಂಜಾವೂರು ಕಡೆಯವಳು. ಒಂದು ದಿನ ನಮ್ಮ ಒಲೆಯ ಮುಂದೆ ಕುಳಿತು ಮೂಗಿನ ಮೇಲೆ ಬೆರಳಿಟ್ಟಳು.

"ಅಯ್ಯೋ ರಾಮಾ, ಹಿತ್ತಾಳೆಲಿ ರಸಮಾ? ಇಷ್ಟು ಓದಿಸಿದ್ರಲ್ಲ ಸುಶೀಲಾ, ಇದೊಂದು ಹೇಳಿಕೊಡಲಿಲ್ವಾ ನಿನಗೆ? ಈಯ ಚೊಂಬಲ್ಲಿ ಕಾಯಿಸಿ ನೋಡು. ನಿನ್ನ ಗಂಡ ಶೆಡ್ಡು ಬಿಟ್ಟು ಓಡಿ ಬರ್ತಾರೆ."

ಅವಳ ಮನೆಯ ಚೊಂಬನ್ನು ನಾನು ನೋಡಿದ್ದೆ. ಬೆಳ್ಳಗೆ ಹೊಳೆಯುವ ತವರದ ಚೊಂಬು. ತಮಿಳಿನಲ್ಲಿ ಈಯ ಎಂದರೆ ತವರ ಎಂದು ಅಂದೇ ಮನಸ್ಸಿನಲ್ಲಿ ಬರೆದುಕೊಂಡೆ. ರಾತ್ರಿ ಊಟಕ್ಕೆ ಬಡಿಸುವಾಗ ನಮ್ಮವರಿಗೆ ಹೇಳಿದರೆ ಅವರು ನಕ್ಕುಬಿಟ್ಟರು. "ಈಯನಾ? ಶೆಡ್ಡಲ್ಲಿ ಕಾಲಿಗೆ ತೊಡರುತ್ತೆ ಕಣೆ!"

ಟೀ ಪೆಟ್ಟಿಗೆಯೊಳಗೆ ತೇವ ಹೋಗದಿರಲೆಂದು ತೆಳ್ಳನೆಯ ಲೋಹದ ಹಾಳೆ ಹಾಸುತ್ತಾರೆ. ಶೆಡ್ಡಿನ ಆಳುಗಳು ಅದನ್ನೂ ಈಯ ಎಂದೇ ಕರೆಯುವರು. ಕತ್ತರಿಸಿ ಉಳಿದ ಚೂರನ್ನು ಯಾರು ಬೇಕಾದರೂ ಒಯ್ಯಬಹುದಿತ್ತು. ಇವರು ಆ ಚೂರುಗಳನ್ನೆಲ್ಲ ಕೂಡಿಹಾಕಿ, ಗೂಡಲೂರಿನ ಸಂತೆಗೆ ಬರುವ ಎರಕದವನ ಕೈಲಿ ಚೊಂಬು ಮಾಡಿಸಿ, ಕಂಠದ ಮೇಲೆ ನನ್ನ ಹೆಸರು ಕೊರೆಸಿ ತಂದರು. ಎರಕದವನು, "ಒಳ್ಳೆ ಈಯ ಬಗ್ಗಿಸಿದರೆ ಕಿರ್ ಅಂತ ಕೂಗುತ್ತೆ ಸ್ವಾಮಿ, ಇದು ಮೂಕ" ಅಂದನಂತೆ. "ನಿನ್ನ ಹಂಗೇ, ಬಾಯಿಲ್ಲದ್ದು" ಎಂದು ಇವರು ನಗುತ್ತ ನನ್ನ ಕೈಗಿತ್ತರು. ಮದುವೆಯಾದ ಮೇಲೆ ನನ್ನ ಹೆಸರನ್ನು ಅವರು ಎಲ್ಲಿಯಾದರೂ ಬರೆಸಿದ್ದು ಅದೇ ಮೊದಲು. ನಾನು ಅದನ್ನು ಸೆರಗಿನಲ್ಲಿ ಒರೆಸಿದೆ. ಸೆರಗು ಕಪ್ಪಾಯಿತು. ಹೊಸ ಪಾತ್ರೆಯ ಮಸಿ ಅಂದುಕೊಂಡೆ.

ಚೊಂಬು ದಿನವೂ ಮಂಕಾಗುತ್ತಿತ್ತು. ಅತ್ತೆ ಹುಣಿಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಬೆಳಗುವರು. ಅವರಿಗೆ ಕೀಲುನೋವು, ಹುಳಿ ಮುಟ್ಟುತ್ತಿರಲಿಲ್ಲ. ಇವರು ಮಧ್ಯಾಹ್ನ ಶೆಡ್ಡಿಗೆ ಮೊಸರನ್ನ ಒಯ್ಯುವರು. ಎರಡು ಹೊತ್ತೂ ಸಾರು ಉಣ್ಣುತ್ತಿದ್ದವರು ನಾನು ಮತ್ತು ಪದ್ದು.

ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಹೊಟ್ಟೆನೋವು ಬಂತು. ಹೊಕ್ಕುಳ ಸುತ್ತ ಒದ್ದೆ ಬಟ್ಟೆ ಹಿಂಡಿದಂತೆ. ಬಂದಾಗ ನೆಲದ ಮೇಲೆ ಬೋರಲು ಮಲಗಿ, ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು, ಗೋಡೆಯಂಚಿನ ಇರುವೆಸಾಲು ಎಣಿಸುತ್ತಿದ್ದೆ. ಬಾಯಲ್ಲಿ ಬೀಗದ ಕೈ ಕಚ್ಚಿದ ರುಚಿ. ಮುಖ ಬಿಳಿಚಿತು. ಗೂಡಲೂರು ಸೀಮೆಯಲ್ಲಿ ಬಿಳಿಚಿದವರಿಗೆಲ್ಲ ಒಂದೇ ಔಷಧಿ. ಎಸ್ಟೇಟಿನ ದವಾಖಾನೆಯ ಡ್ರೆಸ್ಸರ್ ಚಳಿಜ್ವರದ ಕೊಯಿನಾ ಕೊಟ್ಟ, ಆಮೇಲೆ ಹರಳೆಣ್ಣೆ ಕೊಟ್ಟ, ಆಮೇಲೆ ತಲೆ ಕೆರೆದುಕೊಂಡ. ಏನೂ ಸೇರದಿದ್ದಾಗ ಸೇರುತ್ತಿದ್ದದ್ದು ಆ ಸಾರೊಂದೇ. ಅತ್ತೆ ತಾವೇ ಲೋಟದಲ್ಲಿ ತಂದು, "ಬಿಸಿಬಿಸಿ ಕುಡಿ ಮಗಾ, ಹೊಟ್ಟೆ ಸಡಿಲಾಗ್ಲಿ" ಎಂದು ಬೆನ್ನು ಸವರುವರು. ಆ ಕೈಯ ಬಿಸಿ ನನಗೆ ಇನ್ನೂ ನೆನಪಿದೆ.

ನನ್ನನ್ನು ಊಟಿಗೆ ಕಳಿಸಿದರು. ತವರಿನಲ್ಲಿ ಮೂರು ವಾರಕ್ಕೆ ನೋವು ನಿಂತಿತು. ಹಿಂದಿರುಗಿದೆ, ತಿಂಗಳೊಳಗೆ ನೆಲ ಹಿಡಿದೆ. ಮತ್ತೆ ಊಟಿ, ಮತ್ತೆ ಗುಣ. ಮತ್ತೆ ಮನೆ, ಮತ್ತೆ ನೋವು.

ಎರಡನೆಯ ಸಲ ಹಿಂದಿರುಗಿ ಮಲಗಿದಾಗ ಅತ್ತೆಯ ಧ್ವನಿ ಬದಲಾಗಿತ್ತು. ಅಡುಗೆಮನೆಯಿಂದ ಮಗನಿಗೆ ಹೇಳಿದ್ದು ನನಗೆ ಕೇಳಲಿ ಎಂದೇ ಹೇಳಿದ್ದು. "ತವರ ಗಾಳಿ ಬಡಿದ್ರೆ ವಾಸಿಯಾಗೋ ಕಾಯ್ಲೆಗೆ ಗಂಡನ ಮನೇಲಿ ಯಾವ ಮದ್ದು ಕೆಲಸ ಮಾಡೀತಪ್ಪ? ಮನಸ್ಸಿಲ್ದೋರ ಹೊಟ್ಟೇಲಿ ನೋವು ಇದ್ದೇ ಇರ್ತದೆ."

ಇವರು ಚಪ್ಪಲಿ ಮೆಟ್ಟಿ ಶೆಡ್ಡಿಗೆ ಹೊರಟರು. ಮೊದಲಾದರೆ "ಸುಮ್ನಿರಮ್ಮ" ಅನ್ನುತ್ತಿದ್ದರು.

ಒಂದು ಮಾತು ಒಪ್ಪಿಕೊಳ್ಳಬೇಕು. ನನಗೂ ಅದು ನಿಜವಿರಬಹುದೇ ಎನ್ನಿಸಿತು. ಕಾನ್ವೆಂಟಿನ ಸಿಸ್ಟರುಗಳು ನಮಗೆ ದಿನವೂ ಮನಸ್ಸನ್ನು ಶೋಧಿಸಿಕೊಳ್ಳಲು ಕಲಿಸಿದ್ದರು. ಹೊಟ್ಟೆ ಹಿಡಿದುಕೊಂಡು ನಾನು ಶೋಧಿಸಿದೆ: ಈ ಮನೆ ನನಗೆ ಬೇಡವಾಗಿದೆಯೇ? ಹುಡುಕಿದರೆ ಯಾರ ಮನಸ್ಸಿನಲ್ಲಿ ಏನು ಸಿಗುವುದಿಲ್ಲ? ಸಿಕ್ಕಿತು. ಸಿಕ್ಕಿದ ಮೇಲೆ ನೋವಿಗೆ ನಾನೇ ಕಾರಣ ಎಂದು ನಂಬುವುದು ಸುಲಭವಾಯಿತು.

ಮೂರನೆಯ ಸಲ ಊಟಿಗೆ ಹೋದಾಗ ತಂದೆ ಲೇಡಿ ಡಾಕ್ಟರ ಬಳಿಗೆ ಕರೆದೊಯ್ದರು. ಪದ್ದುವನ್ನು ಅತ್ತೆ ನನ್ನ ಜೊತೆ ಕಳಿಸಿರಲಿಲ್ಲ. ಆಸ್ಪತ್ರೆಯ ಜಗುಲಿಯಲ್ಲಿ ಉದ್ದನೆಯ ಬೆಂಚು. ಕುಳಿತವರು ಸರಿದಂತೆ ನಾವೂ ಸರಿಯಬೇಕು. ಪಕ್ಕದಲ್ಲಿ ಬಿಳಿಯ ಬಟ್ಟೆಯುಟ್ಟ ಆ ಬೆಟ್ಟದ ಬಡಗ ಜನಾಂಗದ ಒಬ್ಬ ಅಜ್ಜಿ. ನನ್ನ ಬಲಗೈ ಮಡಿಲಲ್ಲಿ ಮುದುಡಿ ಬಿದ್ದಿರುವುದನ್ನು ನೋಡಿದರು. ಆ ಹೊತ್ತಿಗೆ ಮಣಿಕಟ್ಟು ಸೋತು, ಬೆರಳುಗಳು ಮೇಲೆ ಏಳುತ್ತಿರಲಿಲ್ಲ. ಅಜ್ಜಿ ಏನೂ ಕೇಳದೆ, ತಮ್ಮ ಮಡಿಲಿಂದ ಒಂದು ಕಿತ್ತಳೆ ತೆಗೆದು, ಸುಲಿದು, ತೊಳೆಯ ನಾರನ್ನೂ ಬಿಡಿಸಿ, ನನ್ನ ಎಡಗೈಗೆ ಒಂದೊಂದಾಗಿ ಇಟ್ಟರು. "ತಿನ್ನು ಅವ್ವೆ, ತಿನ್ನು." ಅಷ್ಟೇ. ಆ ವರ್ಷ ನನ್ನನ್ನು ಯಾರೂ ಏನೂ ಕೇಳದೆ ನಂಬಿದ್ದು ಅದೊಂದೇ ಸಲ.

ಡಾಕ್ಟರು ಹೊಟ್ಟೆ ಮುಟ್ಟುವ ಮೊದಲು ನನ್ನ ಕೆಳತುಟಿಯನ್ನು ಬೆರಳಿಂದ ಕೆಳಗೆಳೆದು, ಬೆಳಕಿಗೆ ತಿರುಗಿಸಿ, ತುಂಬ ಹೊತ್ತು ನೋಡಿದರು. ಒಸಡಿನಂಚಿನಲ್ಲಿ ಮಸಿ ಗೆರೆಯೊಂದಿತ್ತು. ಕನ್ನಡಿಯಲ್ಲಿ ನಾನೂ ಕಂಡಿದ್ದೆ, ಹಲ್ಲುಪುಡಿಯದು ಅಂದುಕೊಂಡಿದ್ದೆ. ಅವರು ಇಂಗ್ಲಿಷಿನಲ್ಲಿ ಕೇಳಿದರು, ನಿನ್ನ ಮೈಯಲ್ಲಿ ಲೆಡ್ ಸೇರಿದೆ. ಮನೆಯಲ್ಲಿ ಲೆಡ್ ಎಲ್ಲಿದೆ? ಬಣ್ಣ ಬಳಿಯುತ್ತಾರೆಯೇ? ನೀರು ಕೊಳವೆಯಿಂದ ಬರುತ್ತದೆಯೇ? ಯಾವ ಪಾತ್ರೆಯಲ್ಲಿ ಅಡುಗೆ?

"ಕಲಾಯಿ ಹಾಕಿದ ಹಿತ್ತಾಳೆ. ಸಾರಿಗೆ ಟಿನ್ನಿನ ಚೊಂಬು" ಎಂದೆ, ಕಲಿತ ಇಂಗ್ಲಿಷನ್ನು ಸರಿಯಾಗಿ ಬಳಸಿದ ಹೆಮ್ಮೆಯಲ್ಲಿ.

"ಟಿನ್ನಿನಿಂದ ತೊಂದರೆಯಿಲ್ಲ. ಮತ್ತೆ ಲೆಡ್ ಕೈಗೆ ಬಾಯಿಗೆ ತಾಗುವ ಅಭ್ಯಾಸ ಏನಾದರೂ?"

ಲೆಡ್ ಎಂದರೆ ನನಗೆ ಗೊತ್ತಿದ್ದದ್ದು ಒಂದೇ, ಪೆನ್ಸಿಲಿನೊಳಗಿನ ಕಪ್ಪು ಕಡ್ಡಿ. ಕನ್ನಡದಲ್ಲೂ ಪೆನ್ಸಿಲಿಗೆ ಸೀಸದ ಕಡ್ಡಿ ಎಂದೇ ಹೇಳುತ್ತಿದ್ದೆವು. ಪೆನ್ಸಿಲಿನ ಮೊನೆಯನ್ನು ನಾಲಿಗೆಗೆ ಒತ್ತಿ ಬರೆಯುವುದು ನನ್ನ ಶಾಲೆಯ ದಿನಗಳ ಚಟ. ಸಿಸ್ಟರು ಎಷ್ಟು ಸಲ ಬೆರಳಿಗೆ ಬಡಿದರೂ ಬಿಟ್ಟಿರಲಿಲ್ಲ. ತವರಿಗೆ ಕಾಗದ ಬರೆಯುವಾಗ ಈಗಲೂ ಹಾಗೆಯೇ. ಅಂದರೆ ಅತ್ತೆ ಹೇಳಿದ್ದೇ ಸರಿಯಾಯಿತಲ್ಲ? ನನ್ನ ಕಾಯಿಲೆ ನನ್ನ ಓದಿನಿಂದ, ತವರಿಗೆ ಬರೆಯುವ ಕಾಗದಗಳಿಂದ ಬಂದದ್ದು!

"ಇಲ್ಲ" ಎಂದೆ.

ಅದು ನನ್ನ ಮೊದಲ ಸುಳ್ಳು. ಹೌದು ಎಂದಿದ್ದರೆ ಅವರು ನಕ್ಕು ತಿದ್ದುತ್ತಿದ್ದರು. ಅವರು ಹುಬ್ಬು ಗಂಟಿಕ್ಕಿ, "ಮನೆಯಲ್ಲಿ ಹುಡುಕು. ನಿನ್ನ ಗಂಡನಿಗೆ ಹೇಳು, ಇದು ಲೆಡ್. ಮರೆಯಬೇಡ" ಎಂದು ಎರಡು ಸಲ ಹೇಳಿ ಕಳಿಸಿದರು.

ಮನೆಗೆ ಬಂದ ದಿನ ಇವರು ಕೇಳಿದರು, "ಡಾಕ್ಟರು ಏನಂದ್ರು?"

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ರಕ್ತ ಕಡಿಮೆಯಂತೆ" ಎಂದೆ. ಇದು ಎರಡನೆಯದು. ಹಿತ್ತಲಿಗೆ ಹೋಗಿ ಮನೆಯಲ್ಲಿದ್ದ ಪೆನ್ಸಿಲುಗಳನ್ನೆಲ್ಲ ನೀರೊಲೆಗೆ ಹಾಕಿದೆ. ಇನ್ನು ಗುಣವಾಗುತ್ತೇನೆ ಎಂದು ಧೈರ್ಯವಿತ್ತು. ಸಂಜೆ ಎರಡು ಲೋಟ ಸಾರು ಕುಡಿದೆ.

ಆಮೇಲಿನ ಆರು ವಾರ ನಾನು ನಾನಾಗಿರಲಿಲ್ಲ. ಹಾಗೆ ಹೇಳುವುದು ಸುಲಭ, ಆದರೆ ಅದು ಎಷ್ಟು ನಿಜ ಎನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ತಟ್ಟೆ ಸದ್ದಾದರೆ ಮೈ ಉರಿಯುತ್ತಿತ್ತು. ಕಾಮಾಕ್ಷಿ ಬಂದು "ಇವತ್ತು ರಸಕ್ಕೆ ಬೆಲ್ಲ ಹಾಕಿದ್ಯಾ?" ಎಂದು ಕೇಳಿದ್ದಕ್ಕೆ, "ನಮ್ಮನೆ ಸಾರು ನಮ್ಮಿಷ್ಟ" ಎಂದು ಬಾಗಿಲು ಹಾಕಿದೆ. ಅವಳು ಮುಚ್ಚಿದ ಬಾಗಿಲ ಆಚೆ ಸ್ವಲ್ಪ ಹೊತ್ತು ನಿಂತೇ ಇದ್ದಳು. ಬಳೆಯ ಸದ್ದು ಕೇಳುತ್ತಿತ್ತು.

ಪದ್ದು ಆಟ ಬಿಟ್ಟಳು. ಗೋಡೆಗೊರಗಿ ಕುಳಿತು ಹೊಟ್ಟೆ ತೋರಿಸುವಳು.

"ನೋಡಿದ್ಯಾ? ತಾಯಿ ಮಾಡಿದ್ದನ್ನ ಮಗು ಕಲೀತದೆ" ಎಂದರು ಅತ್ತೆ.

"ಕಲಿತಿಲ್ಲ ಅತ್ತೆ, ಅದಕ್ಕೆ ನಿಜವಾಗಿ ನೋಯ್ತಿದೆ."

"ನಿಂಗೂ ನಿಜವಾಗೇ ಅಲ್ವೇನವ್ವ ನೋಯೋದು!"

ಒಂದು ಬೆಳಗ್ಗೆ ಪದ್ದು ಮಜ್ಜಿಗೆಯ ಲೋಟ ಕೆಡವಿದಳು. ನನ್ನ ಕೈ ಎದ್ದದ್ದು ನನಗೆ ತಿಳಿಯಲಿಲ್ಲ. ಬೆರಳೆತ್ತಲು ಬಾರದ ಬಲಗೈಯಲ್ಲ, ಗಟ್ಟಿಯಿದ್ದ ಎಡಗೈ. ಕೈಯಲ್ಲಿ ಸೌಟಿತ್ತು. ಅವಳ ಮೇಲ್ತುಟಿ ಸೀಳಿತು. ಮಗು ಅಳಲಿಲ್ಲ, ರಕ್ತವನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡು ನನ್ನ ಕಡೆ ನೋಡಿದಳು.

ಅತ್ತೆ ಅವಳನ್ನೆತ್ತಿಕೊಂಡರು. ಬೈಯಲಿಲ್ಲ. "ಮಗೀನ ನಿನ್ನ ಕೈಗೆ ಬಿಟ್ಟು ನಾ ಹೆಂಗೆ ನಿದ್ದೆ ಮಾಡ್ಲಿ ಹೇಳು" ಎಂದರು, ನಿಜವಾಗಿ ಕೇಳುವವರಂತೆ. ಸೋಮವಾರ ಪದ್ದುವನ್ನು ಗುಂಡ್ಲುಪೇಟೆಗೆ, ನಾದಿನಿಯ ಮನೆಗೆ ಕರೆದೊಯ್ಯುವುದೆಂದಾಯಿತು. ಯಾವಾಗ ಹಿಂದಕ್ಕೆ ಎಂದು ಯಾರೂ ಹೇಳಲಿಲ್ಲ. ನಾನು ಕೇಳಲಿಲ್ಲ. ಸೌಟು ಹಿಡಿದ ಕೈಯನ್ನು ನೋಡಿದರೆ, ಕೇಳುವ ಬಾಯಿ ಎಲ್ಲಿಂದ ಬರಬೇಕು?

ಸೋಮವಾರ ಬೆಳಗ್ಗೆ ಗಾಡಿ ಬಂದು ನಿಂತಿತು. ಇವರು ಶೆಡ್ಡಿಗೆ ಹೇಳಿ ಮನೆಯಲ್ಲೇ ಉಳಿದಿದ್ದರು. ಅತ್ತೆ ಗಂಟು ಕಟ್ಟುತ್ತಿದ್ದರು: ಪದ್ದುವಿನ ಲಂಗ, ಕಂಬಳಿ, ಕೊನೆಗೆ ಬಿಳಿಪಂಚೆಯ ತುಂಡಿನಲ್ಲಿ ಸುತ್ತಿದ ಈಯದ ಚೊಂಬು.

"ಅದ್ಯಾಕೆ ಅತ್ತೆ?"

"ಬ್ಯಾರೆ ಸಾರು ಕೊಟ್ರೆ ಮೂತಿ ತಿರುಗಿಸ್ತದೆ ಮಗು. ಅಲ್ಲಿ ಹೋಗಿ ಉಪಾಸ ಕೂತ್ರೆ ಏನ್ಮಾಡ್ಲಿ?"

ಮುನಿಸು ಬಿಟ್ಟು ಕಾಮಾಕ್ಷಿಯೂ ಬಂದಿದ್ದಳು, ದಾರಿಗೆಂದು ಬಾಳೆಹಣ್ಣು ಹಿಡಿದು. ನಾನು ಪದ್ದುವಿಗೆ ಜಡೆ ಹಾಕಲು ಹುಡುಕಿದೆ. ಅವಳು ಕೋಣೆಯ ಮೂಲೆಯಲ್ಲಿ, ಸುಣ್ಣ ಬಳಿದ ಗೋಡೆಯ ಮೇಲೆ ಗೆರೆ ಎಳೆಯುತ್ತಿದ್ದಳು. ಕಪ್ಪಗೆ, ನುಣ್ಣಗೆ, ಪೆನ್ಸಿಲಿನ ಗೆರೆ.

"ಪೆನ್ಸಿಲ್ ಎಲ್ಲಿ ಸಿಕ್ತು ನಿಂಗೆ?" ನಾನು ಕೂಗಿದ್ದಕ್ಕೆ ಮಗು ಗೋಡೆಗೆ ಅಂಟಿಕೊಂಡು, ತುಟಿಗೆ ಕೈ ಅಡ್ಡ ಹಿಡಿದಳು. ಆ ಅಡ್ಡ ಹಿಡಿದ ಕೈ! ನಾನು ನೆಲಕ್ಕೆ ಕುಸಿದು ಕುಳಿತೆ. "ಹೊಡೆಯಲ್ಲ ಮಗಾ. ಏನದು, ತೋರ್ಸು."

"ಪೆನ್ಸಿಲ್ ಅಲ್ಲಮ್ಮ. ಅಪ್ಪನ ಈಯ."

ಮುಷ್ಟಿಯಲ್ಲಿದ್ದದ್ದು ಟೀ ಪೆಟ್ಟಿಗೆಯ ಹಾಳೆಯ ಚೂರು, ಕಡ್ಡಿಯಂತೆ ಸುರುಳಿ ಸುತ್ತಿದ್ದು. ನಾನು ತೆಗೆದುಕೊಂಡು ಅವಳ ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದೆ. ಕನ್ನಡಿಯಲ್ಲಿ ದಿನವೂ ನೋಡುತ್ತಿದ್ದ ಒಸಡಿನ ಗೆರೆಯೇ ಗೋಡೆಯ ಮೇಲೆ ಬಂದು ಕುಳಿತಂತಿತ್ತು.

ಓಡಿ ಗಂಟು ಬಿಚ್ಚಿದೆ. ಚೊಂಬು ಸುತ್ತಿದ್ದ ಬಿಳಿಬಟ್ಟೆಗೆ ಅಲ್ಲಲ್ಲಿ ಕಪ್ಪು ಹತ್ತಿತ್ತು. ಚೊಂಬಿನ ಅಂಚನ್ನು ಗೋಡೆಗೆ ಒತ್ತಿ ಎಳೆದೆ. ಅದೇ ಗೆರೆ.

"ತಲೆ ಕೆಟ್ಟಿತಾ ಇವಳಿಗೆ!" ಅತ್ತೆ ಬೆಚ್ಚಿ ಪದ್ದುವನ್ನು ಹಿಂದಕ್ಕೆ ಎಳೆದುಕೊಂಡರು.

"ಕಾಮಾಕ್ಷಿ, ನಿನ್ನ ಚೊಂಬು ತಾ. ಬೇಗ ತಾ."

ಏಕೆಂದು ಕೇಳದೆ ಅವಳು ಸೀರೆ ಎತ್ತಿಕೊಂಡು ಓಡಿದಳು. ಹೊರಗೆ ಗಾಡಿಯವನು, "ಬಿಸಿಲೇರಿದ್ರೆ ಎತ್ತು ಏರು ಹತ್ತಲ್ಲ ರೈಟರೇ" ಎಂದು ಕೂಗುತ್ತಿದ್ದ. ಕಾಮಾಕ್ಷಿಯ ಬೆಳ್ಳನೆಯ ಚೊಂಬನ್ನು ಗೋಡೆಗೆ ಉಜ್ಜಿದೆ. ಸುಣ್ಣ ಉದುರಿತು, ಗೀರು ಬಿತ್ತು, ಕಪ್ಪು ಬೀಳಲಿಲ್ಲ.

ನಾನು ಇವರ ಕಡೆ ತಿರುಗಿದೆ. "ಇದಕ್ಕೆ ಶೆಡ್ಡಿನ ಪುಸ್ತಕದಲ್ಲಿ ಏನಂತ ಬರೀತೀರಿ?"

"ಯಾವುದಕ್ಕೆ?"

"ಪೆಟ್ಟಿಗೆಯೊಳಗಿನ ಈ ಈಯಕ್ಕೆ. ಇಂಗ್ಲಿಷಲ್ಲಿ."

"ಲೆಡ್" ಎಂದರು. "ಟೀ ಲೆಡ್. ಯಾಕೆ?"

ದಿನವೂ ಬರೆಯುತ್ತಿದ್ದರು. ಡಾಕ್ಟರು ಹೇಳು ಎಂದ ಒಂದೇ ಒಂದು ಶಬ್ದವನ್ನು ನಾನು ಹೇಳಿದ್ದರೆ, ಅವರು ಆ ಕ್ಷಣವೇ ಚೊಂಬಿನ ಕಡೆ ನೋಡುತ್ತಿದ್ದರು.

ಕಾಮಾಕ್ಷಿ ನಮ್ಮ ಚೊಂಬನ್ನು ಕೈಯಲ್ಲಿ ತೂಗಿ ನೋಡಿ ಹಣೆ ಬಡಿದುಕೊಂಡಳು. "ಇದು ಕಾರೀಯಂ ಸುಶೀಲಾ! ಕರಿ ಈಯ. ರಸಕ್ಕೆ ವೆಳ್ಳೀಯಂ, ಬಿಳಿದು. ನಾವು ಸುಮ್ಮನೆ ಈಯ ಅಂತೀವಿ... ರಸಕ್ಕೆ ಯಾರಾದರೂ ಕರೀದು ಇಡ್ತಾರಾ ಅಂತ ನಾನು..."

ಎಲ್ಲರ ಎದುರಿಗೆ ನಾನು ನನ್ನ ಎರಡು ಸುಳ್ಳುಗಳನ್ನೂ ಹೇಳಿದೆ. ಅಷ್ಟರಲ್ಲಿ ಪದ್ದು ಅಜ್ಜಿಯ ಸೀರೆಯ ಮೇಲೆ ವಾಂತಿ ಮಾಡಿಕೊಂಡು, ಕತ್ತು ವಾಲಿಸಿದಳು.

ಗಾಡಿ ಗುಂಡ್ಲುಪೇಟೆಯ ಕಡೆ ಹೋಗಲಿಲ್ಲ. ಗೂಡಲೂರಿಗೆ ಹೋಗಿ, ಅಲ್ಲಿಂದ ಊಟಿಗೆ ಹೋಗುವ ಮೋಟಾರು ಬಸ್ಸಿನಲ್ಲಿ ನಡುವಟ್ಟದ ತಿರುವುಗಳನ್ನು ಹತ್ತಿದೆವು. ಪ್ರತಿ ತಿರುವಿನಲ್ಲೂ ನಾನು ಅವಳ ಹೆಸರು ಕರೆಯುವೆ. ಒಂದರಲ್ಲಿ ಕಣ್ಣು ತೆರೆಯುವಳು, ಒಂದರಲ್ಲಿ ಇಲ್ಲ. ಆಸ್ಪತ್ರೆಯ ಬಾಗಿಲಲ್ಲೇ ಅವಳಿಗೆ ಸೆಳವು ಬಂದು ಕೈಕಾಲು ಸೆಟೆದವು. ಲೇಡಿ ಡಾಕ್ಟರು ಮಗುವನ್ನು ಕಸಿದುಕೊಂಡು ಒಳಗೆ ಹೋಗುವಾಗ ಕೇಳಿದ್ದು, "ಲೆಡ್ ಸಿಕ್ಕಿತೇ?" ಸಿಕ್ಕಿತು ಎಂದೆ. "ಯಾವಾಗ?" ಇವತ್ತು ಎಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಹಗುರಾಗುತ್ತಿತ್ತು.

ಮೂರು ದಿನ ಅದೇ ಬೆಂಚು. ಅತ್ತೆ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಎರಡನೆಯ ದಿನ ತಮ್ಮ ಅಂಗೈ ನೋಡಿಕೊಳ್ಳುತ್ತ ಹೇಳಿದರು: "ಹುಣಿಸೆಹಣ್ಣು ಹಚ್ಚಿ ಹೆಂಗೆ ತಿಕ್ತಿದ್ದೆ ಕಣೆ... ಬೇಡ ಅಂದ್ರೂ ಒಂದು ಸೌಟು ಜಾಸ್ತಿ ಹಾಕ್ತಿದ್ದೆ. ಮನಸ್ಸಿಲ್ದೋಳು ಅಂದೆ ನಿನ್ನ."

"ನಾನೂ ಹಾಗೇ ಅಂದುಕೊಂಡಿದ್ದೆ ಅತ್ತೆ" ಎಂದೆ. ಅವರು ನನ್ನ ಸೋತ ಬಲಗೈಯನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡು, ಮುದುಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಕುಳಿತರು.

ನಾಲ್ಕನೆಯ ಬೆಳಗ್ಗೆ ಪದ್ದು ಕಣ್ಣುಬಿಟ್ಟು ಅಜ್ಜಿ ಎಲ್ಲಿ ಎಂದು ಕೇಳಿದಳು. ಮಧ್ಯಾಹ್ನ ಅಮ್ಮ ಎಲ್ಲಿ ಎಂದು ಕೇಳಿದಳು. ಆ ನಡುವಿನ ಹೊತ್ತು ಎಷ್ಟು ಉದ್ದವಿತ್ತೆಂದು ನಾನು ಹೇಳಲಾರೆ.

ಹೊರಡುವ ದಿನ ಧೈರ್ಯಮಾಡಿ ಡಾಕ್ಟರಿಗೆ ಪೆನ್ಸಿಲಿನ ವಿಷಯ ಹೇಳಿದೆ. ಅವರು ಹಣೆಗೆ ಕೈ ಹಚ್ಚಿಕೊಂಡರು. ಪೆನ್ಸಿಲಿನಲ್ಲಿ ಲೆಡ್ ಇರುವುದೇ ಇಲ್ಲವಂತೆ, ಬರೀ ಹೆಸರಂತೆ.

ಹೊಟ್ಟೆನೋವು ಹೋಯಿತು. ಸಿಡುಕು ಹೋಯಿತು, ಒಂದು ಬೆಳಗ್ಗೆ ತಟ್ಟೆ ಸದ್ದಾದಾಗ ಮೈ ಉರಿಯಲಿಲ್ಲವೆಂದು ಗಮನಿಸಿ ಅಲ್ಲೇ ನಿಂತು ಕಣ್ಣೀರು ಹಾಕಿದೆ. ಬಲಗೈಯ ಎರಡು ಬೆರಳು ಮಾತ್ರ ಪೂರ್ತಿ ಏಳಲಿಲ್ಲ. ಇವರು ಚೊಂಬನ್ನು ಹಿತ್ತಲಲ್ಲಿ ಆಳವಾಗಿ ಹೂತರು, ನನ್ನ ಹೆಸರಿನ ಸಮೇತ. ಶೆಡ್ಡಿನ ಮಕ್ಕಳು ಆಡುತ್ತಿದ್ದ ಚೂರುಗಳನ್ನು ಮ್ಯಾನೇಜರಿಗೆ ಹೇಳಿ ಬೀಗದೊಳಗೆ ಇಡಿಸಿದರು. ಮನಸ್ಸಿನ ಕಾಯಿಲೆ ಎಂದು ಯಾರಾದರೂ ನಿಮಗೆ ಹೇಳಿದ್ದರೆ, ನೀವೂ ಒಪ್ಪಿಕೊಂಡಿದ್ದರೆ, ಒಮ್ಮೆ ನಿಮ್ಮ ಒಲೆಯ ಕಡೆಯೂ ನೋಡಿ ಎನ್ನುವುದಕ್ಕೇ ಇದನ್ನು ಬರೆಸುತ್ತಿದ್ದೇನೆ.

ಬರೆಸುತ್ತಿದ್ದೇನೆ ಎಂದೆ. ಬರೆದುಕೊಳ್ಳುತ್ತಿರುವವಳು ಪದ್ದು. ಅವಳಿಗೀಗ ಹದಿನೈದು, ನನ್ನದಕ್ಕಿಂತ ದುಂಡಾದ ಅಕ್ಷರ. ಮೇಲ್ತುಟಿಯ ಗೆರೆ ಇನ್ನೂ ಇದೆ. ಯಾರು ಕೇಳಿದರೂ ನಮ್ಮತ್ತೆ ತೀರಿಕೊಳ್ಳುವವರೆಗೂ ಒಂದೇ ಉತ್ತರ ಕೊಡುತ್ತಿದ್ದರು: "ಚೊಂಬು ತಾಗಿ ಆದದ್ದು." ನಾನು ತಿದ್ದಿರಲಿಲ್ಲ. ಇದು ನನ್ನ ಮೂರನೆಯ ಸುಳ್ಳು, ಹತ್ತು ವರ್ಷದ್ದು. ಇವತ್ತು ಸೌಟಿನ ಮಾತು ಬಂದಾಗ ಪದ್ದು ಪೆನ್ಸಿಲ್ ನಿಲ್ಲಿಸಿದಳು. ಅದರ ಹಿಂತುದಿಯಿಂದ ತುಟಿ ಮುಟ್ಟಿಕೊಂಡಳು.

"ಅಜ್ಜಿ ಚೊಂಬು ಅಂತಿದ್ರಲ್ಲಮ್ಮ?"

"ಅಜ್ಜಿ ಹೇಳಿದ್ದು ಸುಳ್ಳಲ್ಲ ಮಗಾ. ಆದರೆ ಕೈ ನನ್ನದು."

ಅವಳು ಪೆನ್ಸಿಲನ್ನು ಮತ್ತೆ ಹಾಳೆಗೆ ತಾಗಿಸಿದಳು.

"ಹಾಗಾದ್ರೆ ಎರಡನ್ನೂ ಬರೀಲಾ?"

"ಬರಿ" ಎಂದೆ.